ಕೀಮೋ ಮುಗಿದ ಮೇಲಿನ ಕೆಲವು ವಾರಗಳು

ಸ್ತನ ಕ್ಯಾನ್ಸರಿಗೆ ಕೊನೆಯ ಕೀಮೋ ಹಾಕಿಸಿಕೊಂಡು ಬಂದವಳಿಗೆ ಮನೆಮಂದಿ ಹೇಳುವುದು ಒಂದೇ ಮಾತು: ‘ಅಂತೂ ಮುಗೀತಲ್ಲ.’ ಮುಗಿದಿಲ್ಲ ಎಂಬುದು ಅವಳಿಗೆ ಗೊತ್ತು. ರಕ್ತಕಣಗಳು ಚೇತರಿಸಿಕೊಂಡ ಮೇಲೆ, ಸಾಮಾನ್ಯವಾಗಿ ಎಂಟು ವಾರದೊಳಗೆ, ಆಪರೇಷನ್ ಆಗಬೇಕು. ಗಂಟನ್ನಷ್ಟೇ ತೆಗೆಸುವುದೋ, ಇಡೀ ಸ್ತನವನ್ನೋ? ತೆಗೆಸಿದರೆ ಮತ್ತೆ ಕಟ್ಟಿಸಿಕೊಳ್ಳುವುದೋ, ಹಾಗೇ ಬಿಡುವುದೋ? ಕಟ್ಟಿಸಿಕೊಳ್ಳುವುದಾದರೆ ಈಗಲೋ, ಆಮೇಲೋ? ಇಷ್ಟು ಪ್ರಶ್ನೆಗಳು ಅವಳ ಮುಂದೆ ಬರುವ ಕಾಲ ಕೂಡಿಬರಲು ನೂರು ವರ್ಷ ಹಿಡಿಯಿತು.

ಮೊದಲು ಇದ್ದದ್ದು ಒಂದೇ ಉತ್ತರ. ಬಾಲ್ಟಿಮೋರಿನ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯ ವಿಲಿಯಂ ಹಾಲ್‌ಸ್ಟೆಡ್ 1894ರಲ್ಲಿ ತಮ್ಮ ಶಸ್ತ್ರಚಿಕಿತ್ಸೆಯ ವಿವರ ಪ್ರಕಟಿಸಿದರು. ಸ್ತನ, ಅದರಡಿಯ ಎದೆಯ ಸ್ನಾಯುಗಳು, ಕಂಕುಳಿನ ದುಗ್ಧಗ್ರಂಥಿಗಳು, ಎಲ್ಲವನ್ನೂ ಒಟ್ಟಿಗೆ ತೆಗೆಯುವುದು ಅವರ ವಿಧಾನ. ಕ್ಯಾನ್ಸರ್ ಇದ್ದಲ್ಲಿಂದ ಅಂಗುಲ ಅಂಗುಲವಾಗಿ ಹೊರಕ್ಕೆ ಹರಡುತ್ತದೆ, ಅಗಲವಾಗಿ ಕತ್ತರಿಸಿದಷ್ಟೂ ಒಳ್ಳೆಯದು ಎಂಬುದು ಅದರ ಹಿಂದಿನ ತರ್ಕ. ಗಡ್ಡೆ ಹುಣ್ಣಾದ ಮೇಲಷ್ಟೇ ಹೆಂಗಸರು ವೈದ್ಯರ ಬಳಿ ಬರುತ್ತಿದ್ದ ಆ ದಿನಗಳಲ್ಲಿ ಅದೇ ಜಾಗದಲ್ಲಿ ರೋಗ ಮರುಕಳಿಸುವುದು ಇದರಿಂದ ಕಡಿಮೆಯಾದದ್ದು ನಿಜ. ಆದರೆ ಬದುಕಿದವರಿಗೆ ಉಳಿದದ್ದು ಚರ್ಮದಡಿ ಎದ್ದು ಕಾಣುವ ಪಕ್ಕೆಲುಬು, ಊದಿಕೊಂಡ ತೋಳು. ಗಂಟು ಎಂಥದೆಂದು ಪರೀಕ್ಷಿಸುವುದೂ ಸ್ತನ ತೆಗೆಯುವುದೂ ಒಂದೇ ಅರಿವಳಿಕೆಯಲ್ಲಿ ನಡೆಯುವ ರೂಢಿ ಮುಂದಿನ ಶತಮಾನದ ಎಪ್ಪತ್ತರ ದಶಕದವರೆಗೂ ಇತ್ತು. ಎಚ್ಚರವಾದಾಗ ಸ್ತನ ಇರುತ್ತದೋ ಇಲ್ಲವೋ ಎಂಬುದು ತಿಳಿಯದೆಯೇ ಹೆಂಗಸರು ಆಪರೇಷನ್ ಟೇಬಲ್ ಮೇಲೆ ಮಲಗುತ್ತಿದ್ದರು. 1974ರಲ್ಲಿ ಸ್ವತಃ ಈ ಕಾಯಿಲೆಗೆ ತುತ್ತಾದ ಅಮೆರಿಕದ ಪತ್ರಕರ್ತೆ ರೋಸ್ ಕುಷ್ನರ್ ಅದಕ್ಕೆ ಒಪ್ಪಲಿಲ್ಲ. ಮೊದಲು ಪರೀಕ್ಷೆ, ಆಮೇಲೆ ಮಾತುಕತೆ, ನಂತರ ಚಿಕಿತ್ಸೆ ಎಂದು ಪಟ್ಟು ಹಿಡಿದು ಬರೆದರು, ವಾದಿಸಿದರು. ಈ ಕ್ಷೇತ್ರದ ಚರಿತ್ರೆಯಲ್ಲಿ ಅವರ ಸ್ಥಾನ ಯಾವ ಸರ್ಜನ್ನನ ಸ್ಥಾನಕ್ಕೂ ಕಡಿಮೆಯಲ್ಲವೆಂದು ನಾನು ನಂಬುತ್ತೇನೆ.

ಹಾಲ್‌ಸ್ಟೆಡ್ ತರ್ಕವನ್ನು ಅಂಕಿಗಳಿಂದ ಎದುರಿಸಿದವರು ಪಿಟ್ಸ್‌ಬರ್ಗಿನ ಬರ್ನಾರ್ಡ್ ಫಿಶರ್ ಮತ್ತು ಮಿಲಾನಿನ ಉಂಬರ್ಟೊ ವೆರೊನೆಸಿ. ಕ್ಯಾನ್ಸರ್ ಕಣಗಳು ಬಹಳ ಬೇಗ ರಕ್ತಕ್ಕೆ ಸೇರಬಲ್ಲವು, ಆದ್ದರಿಂದ ಎದೆಯನ್ನು ಎಷ್ಟು ಕೊರೆದರೂ ಆಯುಸ್ಸು ಹೆಚ್ಚುವುದಿಲ್ಲ ಎಂಬುದು ಫಿಶರ್ ನಿಲುವು. 1976ರಲ್ಲಿ ಅವರು ಆರಂಭಿಸಿದ ಅಧ್ಯಯನದ ಇಪ್ಪತ್ತು ವರ್ಷಗಳ ಫಲಿತಾಂಶ 2002ರಲ್ಲಿ ಬಂತು. ಗಂಟನ್ನಷ್ಟೇ ತೆಗೆಸಿದವರೂ ಇಡೀ ಸ್ತನ ತೆಗೆಸಿದವರೂ ಬದುಕಿದ್ದು ಒಂದೇ ಪ್ರಮಾಣದಲ್ಲಿ. ಆದರೆ ಗಂಟು ತೆಗೆಸಿ ರೇಡಿಯೇಷನ್ ಬಿಟ್ಟವರಲ್ಲಿ ಶೇ. 39 ಮಂದಿಗೆ ಅದೇ ಸ್ತನದಲ್ಲಿ ರೋಗ ಮರಳಿತು. ರೇಡಿಯೇಷನ್ ಪಡೆದವರಲ್ಲಿ ಶೇ. 14 ಮಂದಿಗೆ. ಸ್ತನ ಉಳಿಸಿಕೊಂಡವರು ‘ರೇಡಿಯೇಷನ್ ಬೇಡ’ ಅನ್ನುವ ಮುನ್ನ ಈ ಎರಡು ಸಂಖ್ಯೆಗಳನ್ನು ನೆನೆಯಬೇಕು.

ಕೀಮೋ ಈ ಕಥೆಗೆ ಬಂದದ್ದು ಆಪರೇಷನ್ನಿನ ಹಿಂದೆ ಹಿಂದೆ. ಮಿಲಾನಿನ ಜಾನಿ ಬೊನಡೊನ್ನ 1976ರಲ್ಲಿ ಮೂರು ಔಷಧಿಗಳ ಜೋಡಣೆಯ ಫಲಿತಾಂಶ ಪ್ರಕಟಿಸಿದಾಗ ಅದು ಶಸ್ತ್ರಚಿಕಿತ್ಸೆಯ ನಂತರ ಕೊಡುವ ಮದ್ದು. ಆಮೇಲೆ ಕ್ರಮ ತಿರುಗಿತು. 1988ರಲ್ಲಿ ಶುರುವಾದ ಅಮೆರಿಕದ ಅಧ್ಯಯನವೊಂದು 1,523 ಹೆಂಗಸರಲ್ಲಿ ಅರ್ಧದಷ್ಟು ಮಂದಿಗೆ ಕೀಮೋ ಮೊದಲು ಕೊಟ್ಟಿತು, ಉಳಿದವರಿಗೆ ನಂತರ. ಬದುಕುಳಿದವರ ಪ್ರಮಾಣದಲ್ಲಿ ವ್ಯತ್ಯಾಸ ಕಾಣಲಿಲ್ಲ. ಆದರೆ ಸ್ತನ ಉಳಿಸಿಕೊಂಡವರು ಶೇ. 60ರಿಂದ 68ಕ್ಕೆ ಏರಿದರು. ದೊಡ್ಡ ಗಂಟು ಕುಗ್ಗಿದ್ದರಿಂದ ಸಣ್ಣ ಆಪರೇಷನ್ ಸಾಕಾಯಿತು.

ಕೀಮೋ ಮೊದಲಾಗುವುದರಿಂದ ಇನ್ನೊಂದು ಲಾಭವಿದೆ ಎಂಬುದು ಬರಬರುತ್ತ ತಿಳಿಯಿತು. ತೆಗೆದ ಭಾಗದಲ್ಲಿ ರೋಗ ಉಳಿದಿದ್ದರೆ ಮುಂದಿನ ಮದ್ದನ್ನು ಬದಲಿಸಬಹುದು. ಹಾರ್ಮೋನ್ ಚಿಕಿತ್ಸೆಗೆ ಬಗ್ಗದ ‘ಟ್ರಿಪಲ್ ನೆಗೆಟಿವ್’ ಬಗೆಯ ರೋಗಿಗಳಿಗೆ ಕ್ಯಾಪಸೈಟಬೀನ್ ಮಾತ್ರೆಯಿಂದ ಪ್ರಯೋಜನವಿದೆಯೆಂದು 2017ರಲ್ಲಿ ಗೊತ್ತಾದದ್ದು ಹೀಗೆ. ‘ಗಂಟೇ ಕರಗಿಹೋಗಿದೆ, ಇನ್ನು ಆಪರೇಷನ್ ಯಾಕೆ?’ ಎಂದು ಅನೇಕರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಸ್ಕ್ಯಾನಿನಲ್ಲಿ ಕಾಣದ ಕಣಗಳೂ ಇರಬಹುದು, ಅದಕ್ಕಾಗಿ ಆಪರೇಷನ್ ಈಗಲೂ ಬೇಕು. ಕೆಲವರಿಗೆ ಅದನ್ನು ಬಿಡಬಹುದೇ ಎಂಬುದು ಇನ್ನೂ ಸಂಶೋಧನೆಯ ಹಂತದಲ್ಲಿದೆ. ಗಂಟು ಮಾಯವಾದರೂ ಅದಿದ್ದ ಜಾಗ ಸಿಗಲೆಂದು ಕೀಮೋಗೆ ಮೊದಲೇ ಪುಟ್ಟ ಲೋಹದ ಕ್ಲಿಪ್ ಇಡುತ್ತಾರೆ. ಕಂಕುಳಿನ ಗ್ರಂಥಿಗಳನ್ನೂ ಈಗ ಸಾರಾಸಗಟಾಗಿ ತೆಗೆಯುವುದಿಲ್ಲ. ರೋಗ ಮೊದಲು ತಲುಪುವ ಗ್ರಂಥಿಗಳನ್ನು ಪರೀಕ್ಷಿಸಿ, ಅವು ಶುದ್ಧವಾಗಿದ್ದರೆ ಉಳಿದವನ್ನು ಬಿಡುವ ವಿಧಾನ ತೊಂಬತ್ತರ ದಶಕದಿಂದ ಬೆಳೆದುಬಂದಿದೆ. ತೋಳು ಊದುವ ಕಷ್ಟ ಅದರಿಂದ ಬಹಳಷ್ಟು ತಗ್ಗಿದೆ.

ಇನ್ನು ಮರುನಿರ್ಮಾಣ. ಜರ್ಮನಿಯ ವಿನ್ಸೆಂಟ್ ಚೆರ್ನಿ 1895ರಲ್ಲೇ ರೋಗಿಯ ಮೈಮೇಲಿದ್ದ ಕೊಬ್ಬಿನ ಗಡ್ಡೆಯೊಂದನ್ನು ತೆಗೆದು ಎದೆಯಲ್ಲಿ ಕೂರಿಸಿದ್ದರು. ಮುಚ್ಚಿದರೆ ಮರುಕಳಿಸುವ ರೋಗ ಕಾಣದೆಹೋದೀತೆಂಬ ಭಯದಿಂದ ಆ ಹಾದಿ ದಶಕಗಳ ಕಾಲ ಬರಿದಾಗಿತ್ತು. 1962ರಲ್ಲಿ ಹ್ಯೂಸ್ಟನ್ನಿನಲ್ಲಿ ಮೊದಲ ಸಿಲಿಕೋನ್ ಇಂಪ್ಲಾಂಟ್ ಬಂತು. ಸುರಕ್ಷತೆಯ ಅನುಮಾನದಿಂದ ಅಮೆರಿಕ 1992ರಲ್ಲಿ ಅದಕ್ಕೆ ಕಡಿವಾಣ ಹಾಕಿ 2006ರಲ್ಲಿ ಸಡಿಲಿಸಿತು. ಒರಟು ಮೇಲ್ಮೈಯ ಕೆಲವು ಇಂಪ್ಲಾಂಟುಗಳು ಲಿಂಫೋಮಾ ಎಂಬ ಕ್ಯಾನ್ಸರಿನ ಅಪರೂಪದ ಬಗೆಯೊಂದಕ್ಕೆ ಕಾರಣವೆಂದು 2019ರಲ್ಲಿ ಮಾರುಕಟ್ಟೆಯಿಂದ ಹಿಂದೆ ಸರಿದವು.

ಸ್ವಂತ ಮಾಂಸದಿಂದಲೇ ಕಟ್ಟುವ ದಾರಿಗೆ ನಮ್ಮ ನೆಲದ ನೆನಪಿದೆ. ಮೈಸೂರು ಯುದ್ಧದಲ್ಲಿ ಟಿಪ್ಪುವಿನ ಸೆರೆಗೆ ಸಿಕ್ಕಿ ಮೂಗು ಕಳೆದುಕೊಂಡ ಕಾವಸ್ಜಿ ಎಂಬ ಗಾಡಿ ಹೊಡೆಯುವವನಿಗೆ ಪುಣೆಯ ಕಡೆಯ ವೈದ್ಯನೊಬ್ಬ ಹಣೆಯ ಚರ್ಮವನ್ನು ಬುಡ ಕತ್ತರಿಸದೆ ತಿರುಗಿಸಿ ಹೊಸ ಮೂಗು ಮಾಡಿದ ವರದಿ 1794ರಲ್ಲಿ ಲಂಡನ್ನಿನ ಪತ್ರಿಕೆಯಲ್ಲಿ ಅಚ್ಚಾಯಿತು. ಬುಡದ ರಕ್ತನಾಳ ಉಳಿದರೆ ಮಾಂಸ ಬದುಕುತ್ತದೆ ಎಂಬ ಅದೇ ತತ್ತ್ವದಿಂದ 1982ರಲ್ಲಿ ಅಟ್ಲಾಂಟಾದ ಕಾರ್ಲ್ ಹಾರ್ಟ್‌ರಾಂಪ್ಫ್ ಹೊಟ್ಟೆಯ ಚರ್ಮ, ಕೊಬ್ಬು, ಸ್ನಾಯುಗಳನ್ನು ಎದೆಗೆ ಸರಿಸಿದರು. ಸ್ನಾಯು ಹೋದರೆ ಹೊಟ್ಟೆಯ ಗೋಡೆ ದುರ್ಬಲವಾಗುತ್ತದೆ. ಜಪಾನಿನ ಇಸಾವೊ ಕೊಶಿಮಾ 1989ರಲ್ಲಿ ಸ್ನಾಯುವನ್ನು ಅಲ್ಲೇ ಬಿಟ್ಟು ಚರ್ಮ, ಕೊಬ್ಬನ್ನಷ್ಟೇ ರಕ್ತನಾಳದೊಂದಿಗೆ ಬಿಡಿಸುವುದನ್ನು ತೋರಿಸಿದರು. ತೊಂಬತ್ತರ ದಶಕದಲ್ಲಿ ಅಮೆರಿಕದ ರಾಬರ್ಟ್ ಅಲೆನ್ ಅದನ್ನು ಸ್ತನಕ್ಕೆ ಬಳಸಿದರು. ಸೂಕ್ಷ್ಮದರ್ಶಕದಡಿ ನಾಳಕ್ಕೆ ನಾಳ ಹೊಲಿಯುವ, ಹಲವು ಗಂಟೆ ಹಿಡಿಯುವ ಕೆಲಸವದು.

ನಮ್ಮ ದೇಶದಲ್ಲಿ 2022ರಲ್ಲಿ ಸುಮಾರು 1.92 ಲಕ್ಷ ಹೆಂಗಸರಿಗೆ ಹೊಸದಾಗಿ ಸ್ತನ ಕ್ಯಾನ್ಸರ್ ಬಂದಿದೆಯೆಂಬ ಅಂದಾಜಿದೆ. ಅನೇಕರು ಬರುವುದು ಗಂಟು ದೊಡ್ಡದಾದ ಮೇಲೆ, ಆದ್ದರಿಂದ ಕೀಮೋ ಮೊದಲು ಎಂಬ ಕ್ರಮ ಇಲ್ಲಿ ಸಾಮಾನ್ಯ. ಶಸ್ತ್ರಚಿಕಿತ್ಸೆಯ ಜ್ಞಾನದಲ್ಲಿ ನಾವು ಹಿಂದಿಲ್ಲ. ಕತ್ತರಿಸುವ ಮುನ್ನ ಗಂಟಿನ ಸುತ್ತ ಅಗ್ಗದ ಅರಿವಳಿಕೆ ಮದ್ದು ಚುಚ್ಚಿದರೆ ಐದು ವರ್ಷ ಬದುಕುವವರು ಶೇ. 86ರಿಂದ 90ಕ್ಕೆ ಏರುತ್ತಾರೆಂದು 2023ರಲ್ಲಿ ತೋರಿಸಿದ್ದು ಮುಂಬೈ ಟಾಟಾ ಸ್ಮಾರಕ ಆಸ್ಪತ್ರೆಯ ರಾಜೇಂದ್ರ ಬಡ್ವೆ ಮತ್ತು ಸಂಗಡಿಗರು. ನಾವು ಹಿಂದಿರುವುದು ಅವಳಿಗೇನು ಬೇಕೆಂದು ಕೇಳುವುದರಲ್ಲಿ. ‘ಮಕ್ಕಳಾಗಿವೆ, ವಯಸ್ಸಾಯ್ತು, ಇನ್ನು ಅದೆಲ್ಲ ಯಾಕಮ್ಮ’ ಎಂದು ಗಂಡನೋ ಮಗನೋ ತೀರ್ಮಾನಿಸಿಬಿಡುತ್ತಾನೆ. ಮರುನಿರ್ಮಾಣ ಶೋಕಿಯಲ್ಲ, ಅದರಿಂದ ರೋಗ ಮರುಕಳಿಸುವುದು ಹೆಚ್ಚುವುದೂ ಇಲ್ಲ. ಹಾಗೆಯೇ ಏನೂ ಬೇಡವೆಂದು ಎದೆಯನ್ನು ಸಪಾಟಾಗಿ ಬಿಡುವುದು ಸೋಲಲ್ಲ. ಕವಯಿತ್ರಿ ಆಡ್ರಿ ಲಾರ್ಡ್ 1980ರಲ್ಲೇ ಅದನ್ನು ತಲೆಯೆತ್ತಿ ಹೇಳಿದ್ದರು.

ಆಯ್ಕೆ ಏನೇ ಇರಲಿ, ರೇಡಿಯೇಷನ್ ಬೇಕಾಗುತ್ತದೆಯೇ ಎಂಬುದನ್ನು ಮೊದಲೇ ಕೇಳಿ ತಿಳಿಯಬೇಕು. ಅದರಿಂದ ಇಂಪ್ಲಾಂಟಿನ ಸುತ್ತ ಅಂಗಾಂಶ ಗಟ್ಟಿಯಾಗಿ ನೋಯುವ ಸಾಧ್ಯತೆ ಹೆಚ್ಚುತ್ತದೆ. ಮಧುಮೇಹ, ತಂಬಾಕು ಇದ್ದರೆ ಗಾಯ ಮಾಯುವುದು ನಿಧಾನ. ಕಟ್ಟಿದ ಸ್ತನಕ್ಕೆ ಮೊದಲಿನ ಸ್ಪರ್ಶ ಪೂರ್ತಿ ಮರಳುವುದಿಲ್ಲ, ಇಂಪ್ಲಾಂಟನ್ನು ಮುಂದೊಂದು ದಿನ ಬದಲಿಸಬೇಕಾಗಬಹುದು. ಈಗ ಬೇಡವೆಂದವರು ವರ್ಷಗಳ ನಂತರವೂ ಕಟ್ಟಿಸಿಕೊಳ್ಳಬಹುದು. ಆದರೆ ಸ್ತನದ ಚರ್ಮವನ್ನು ಉಳಿಸಿಕೊಳ್ಳುವ ಅವಕಾಶ ಮೊದಲ ಆಪರೇಷನ್ನಿನಲ್ಲಿ ಮಾತ್ರ, ಆದ್ದರಿಂದ ಅದರ ದಿನ ಗೊತ್ತಾಗುವ ಮೊದಲೇ ಪ್ಲಾಸ್ಟಿಕ್ ಸರ್ಜನ್ನರನ್ನು ಒಮ್ಮೆ ಕಾಣಬೇಕು.