ಪೂಜಾವಸ್ತ್ರ: ಸನ್ಮಾನವೋ, ನೊಗವೋ?

ನಾವಿಂದು ಧರಿಸುವ ಪೂಜಾವಸ್ತ್ರಗಳು ಮೂಲತಃ ರೋಮನ್ ಜನರ ನಿತ್ಯದ ಉಡುಪುಗಳು. ಆಲ್ಬ್ ಅವರ ಬಿಳಿಯ ನಿಲುವಂಗಿ; ಕಾಸುಲವು ಪ್ರಯಾಣಿಕರು ಹೊದೆಯುತ್ತಿದ್ದ ಪೇನುಲಾ. ಯಾಜಕರು ಜನರಿಂದ ಭಿನ್ನವಾಗಬೇಕಾದುದು ಬೋಧನೆ ಹಾಗೂ ನಡತೆಯಿಂದ, ಉಡುಪಿನಿಂದಲ್ಲ ಎಂದು ಜಗದ್ಗುರು ಮೊದಲನೆಯ ಸೆಲೆಸ್ತೀನರು ಕ್ರಿ.ಶ. 428ರಲ್ಲಿ ಗಾಲ್ ನಾಡಿನ ಧರ್ಮಾಧ್ಯಕ್ಷರಿಗೆ ಬರೆದರು. ಮುಂದೆ ಜನರ ಉಡುಪು ಬದಲಾಯಿತು; ಯಾಜಕರು ಹಳೆಯದನ್ನೇ ಉಳಿಸಿಕೊಂಡರು. ಹೀಗೆ ನಿತ್ಯದ ಬಟ್ಟೆ ಪವಿತ್ರ ವಸ್ತ್ರವಾಯಿತು.

ಭಾರತದ ಧರ್ಮಸಭೆಯೂ ಇದೇ ಹಾದಿಯಲ್ಲಿ ನಡೆದಿದೆ. 1969ರ ಏಪ್ರಿಲ್‌ನಲ್ಲಿ ರೋಮ್ ಅನುಮತಿಸಿದ ಹನ್ನೆರಡು ಅಂಶಗಳಲ್ಲಿ, ನಿಲುವಂಗಿಯಂಥ ಒಂದೇ ಕಾಸುಲ ಮತ್ತು ಸ್ತೋಲವಾಗಿ ಅಂಗವಸ್ತ್ರ ಎಂಬುದೂ ಒಂದು. ಫಾದರ್ ಡಿ. ಎಸ್. ಅಮಲೋರ್‌ಪವದಾಸರು ಸ್ಥಾಪಿಸಿದ ಬೆಂಗಳೂರಿನ ರಾಷ್ಟ್ರೀಯ ಬೈಬಲ್, ಧರ್ಮೋಪದೇಶ ಮತ್ತು ದೈವಾರಾಧನಾ ಕೇಂದ್ರವು ಇಂಥ ಆರಾಧನೆಯನ್ನು ಬೆಳೆಸಿತು.

ಆದರೆ ನಮ್ಮ ನಾಡಿನಲ್ಲಿ ಹೆಗಲಿಗೆ ಹೊದಿಸುವ ಶಾಲು ಸನ್ಮಾನದ ಗುರುತು. ರಾಜಾಜಿನಗರದಿಂದ ಕೆಂಗೇರಿಯವರೆಗಿನ ಸಭಾವೇದಿಕೆಗಳಲ್ಲಿ ಕಾಣುವ ಆ ಶಾಲಿನಂತೆಯೇ ಅಂಗವಸ್ತ್ರವೂ ಭಕ್ತರ ಕಣ್ಣಿಗೆ ತೋರಿದರೆ ಅದರ ಅರ್ಥವೇ ತಲೆಕೆಳಗಾಗುತ್ತದೆ. ಆಲ್ಬ್ ನಮಗೂ ವಿಶ್ವಾಸಿಗಳೆಲ್ಲರಿಗೂ ಸಮಾನವಾದ ದೀಕ್ಷಾಸ್ನಾನದ ಬಿಳಿಯುಡುಪನ್ನು ನೆನಪಿಸುತ್ತದೆ. ಕಾಸುಲವನ್ನು ಧರಿಸುವಾಗಿನ ಪರಂಪರಾಗತ ಪ್ರಾರ್ಥನೆಯು ಕ್ರಿಸ್ತರ ನೊಗವನ್ನು ಸ್ಮರಿಸುತ್ತದೆ. ವಸ್ತ್ರವು ರೋಮಿನದಾಗಲಿ, ನಮ್ಮ ನೆಲದ್ದಾಗಲಿ, ಯಾಜಕನ ಹೆಗಲಿಗೆ ಬರುವುದು ಆ ನೊಗವೇ.