ದಾರಿಗೆಂದು ಕೊಟ್ಟ ದುಡ್ಡು

ಬಸ್ಸು ಹತ್ತಿ ಟಿಕೆಟ್ ತೆಗೆದುಕೊಳ್ಳುವಾಗ ನಾವು ಕಂಡಕ್ಟರನ ಹತ್ತಿರ ಚಿಲ್ಲರೆಗಾಗಿ ಜಗಳವಾಡುತ್ತೇವೆಯೇ ಹೊರತು, ಅದರಲ್ಲಿ ಡೀಸೆಲ್ಲಿಗೆ ಎಷ್ಟು, ಸರಕಾರದ ತೆರಿಗೆಗೆ ಎಷ್ಟು ಎಂದು ಕೇಳುವುದಿಲ್ಲ. ಬಸ್ಸಿನ ಮೇಲೆ ಹಾಕಿದ ತೆರಿಗೆಯ ಭಾರ ಕೊನೆಗೆ ಬೀಳುವುದು ನಮ್ಮ ಪರ್ಸಿನ ಮೇಲೇ. ಹಾಗಾಗಿ ವಕೀಲರ ಕಪಾಟಿನ ಒಂದು ಹಳೆಯ ಮೊಕದ್ದಮೆ ನನಗೆ ಮನೆಖರ್ಚಿನ ಕಥೆಯಂತೆಯೇ ಕಾಣುತ್ತದೆ.

1950ರ ದಶಕದ ಮೊದಲಲ್ಲಿ ಅಜ್ಮೀರ ರಾಜಸ್ಥಾನಕ್ಕೆ ಸೇರಿರಲಿಲ್ಲ. ಅದೇ ಒಂದು ಪುಟ್ಟ ರಾಜ್ಯ, ಸುತ್ತಲೂ ರಾಜಸ್ಥಾನ. ನಸೀರಾಬಾದಿನಿಂದ ದೇವಲಿಗೆ ಹೋಗುವ ಬಸ್ಸಿನ ದಾರಿ ಬಹುಪಾಲು ಅಜ್ಮೀರದಲ್ಲೇ ಇತ್ತು. ನಡುನಡುವೆ ರಾಜಸ್ಥಾನದ ಕಿರಿದಾದ ನೆಲದ ಪಟ್ಟಿಗಳನ್ನು ದಾಟಬೇಕಿತ್ತು, ಅಷ್ಟೆ. ರಾಜಸ್ಥಾನ 1951ರಲ್ಲಿ ಮೋಟಾರು ವಾಹನ ತೆರಿಗೆಯ ಕಾಯಿದೆ ಮಾಡಿ ಈ ಬಸ್ಸುಗಳ ಮಾಲೀಕರನ್ನೂ ತೆರಿಗೆ ಕೇಳಿತು. ಅಂಗಳದ ಮೂಲೆ ತುಳಿದು ಹೋದವರ ಹತ್ತಿರ ಮನೆಬಾಡಿಗೆ ಕೇಳಿದ ಹಾಗಾಯಿತು!

ಮಾಲೀಕರು ಕೋರ್ಟಿಗೆ ಹೋದರು. ಅವರು ಹಿಡಿದದ್ದು ಸಂವಿಧಾನದ 301ನೇ ವಿಧಿಯನ್ನು. ದೇಶದೊಳಗೆ ವ್ಯಾಪಾರಕ್ಕೂ ಜನರ ಓಡಾಟಕ್ಕೂ ಅಡ್ಡಿಯಿರಬಾರದು ಎನ್ನುವುದು ಅದರ ಸಾರ. ರಾಜ್ಯಗಳು ಸಾರ್ವಜನಿಕರ ಹಿತಕ್ಕಾಗಿ ನಿರ್ಬಂಧ ಹಾಕಬಹುದು. ಆದರೆ ಅಂಥ ಮಸೂದೆಗೆ ರಾಷ್ಟ್ರಪತಿಯ ಒಪ್ಪಿಗೆ ಮೊದಲೇ ಬೇಕು. ಆ ಒಪ್ಪಿಗೆಯಿಲ್ಲದೆ ಅಸ್ಸಾಂ ಸರಕಾರ ಕಲ್ಕತ್ತೆಗೆ ಸಾಗುವ ಚಹಾದ ಮೇಲೆ ಹಾಕಿದ್ದ ತೆರಿಗೆಯನ್ನು ಸುಪ್ರೀಂ ಕೋರ್ಟು 1960ರಲ್ಲಿ ರದ್ದುಮಾಡಿತ್ತು.

ಬಸ್ಸಿನವರಿಗೆ ಆ ಅದೃಷ್ಟ ಒದಗಲಿಲ್ಲ. 1962ರ ಏಪ್ರಿಲಿನಲ್ಲಿ ಏಳು ನ್ಯಾಯಾಧೀಶರ ಪೀಠ ನಾಲ್ಕು–ಮೂರರಿಂದ ರಾಜಸ್ಥಾನದ ಪರ ತೀರ್ಪು ಕೊಟ್ಟಿತು. ರಸ್ತೆಯನ್ನು ಬಳಸಿದವರು ಅದರ ಖರ್ಚಿಗೆ ಕೊಡುವ ಹಣ ವ್ಯಾಪಾರಕ್ಕೆ ಅಡ್ಡಿಯಲ್ಲ, ಅನುಕೂಲವೇ. ಆದರೆ ಅದು ಸೌಕರ್ಯಕ್ಕೆ ತಗಲುವ ಖರ್ಚಿಗಿಂತ ಮೇಲ್ನೋಟಕ್ಕೇ ತೀರ ಹೆಚ್ಚಾಗಿರಬಾರದು ಎಂದಿತು. ಇಂಥದ್ದಕ್ಕೆ ಪರಿಹಾರಾತ್ಮಕ ತೆರಿಗೆ ಎಂದು ಹೆಸರಾಯಿತು. ತಮಾಷೆಯೆಂದರೆ, ಜಗಳಕ್ಕೆ ಕಾರಣವಾದ ಗಡಿಯೇ ಅಷ್ಟರಲ್ಲಿ ಇರಲಿಲ್ಲ. 1956ರ ನವೆಂಬರಿನಲ್ಲೇ ಅಜ್ಮೀರ ರಾಜಸ್ಥಾನದಲ್ಲಿ ಸೇರಿಹೋಗಿತ್ತು.

ಈ ತೀರ್ಪು ಬಸ್ಸಿನವರನ್ನು ಸೋಲಿಸಿದರೂ ನಮ್ಮಂಥವರಿಗೆ ಒಂದು ಪ್ರಶ್ನೆಯನ್ನು ಕೊಟ್ಟಿತ್ತು ಎಂದು ನನ್ನ ಭಾವನೆ. ರಸ್ತೆಗೆಂದು ತೆಗೆದುಕೊಂಡಿರಲ್ಲ, ರಸ್ತೆ ಎಲ್ಲಿ? ಹಾಲಿನ ದುಡ್ಡು, ಮಕ್ಕಳ ಫೀಸಿನ ದುಡ್ಡು ಎಂದು ಡಬ್ಬಿಗಳಲ್ಲಿ ಬೇರೆಬೇರೆ ಇಟ್ಟುಕೊಂಡು ಸಂಸಾರ ತೂಗಿಸುವ ಹೆಂಗಸಿಗೆ ಈ ನ್ಯಾಯವನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ.

ಆ ನ್ಯಾಯ ಮುಂದೆ ಸಡಿಲವಾಯಿತು. ತೆರಿಗೆಗೂ ಸೌಕರ್ಯಕ್ಕೂ ಒಂದಿಷ್ಟು ಸಂಬಂಧವಿದ್ದರೆ ಸಾಕು ಎಂದು ಸುಪ್ರೀಂ ಕೋರ್ಟು ಹೇಳಿತು. 2006ರಲ್ಲಿ ಅದೇ ಮತ್ತೆ ಬಿಗಿಮಾಡಿತು. ಕೊನೆಗೆ 2016ರ ನವೆಂಬರ್ 11ರಂದು ಒಂಬತ್ತು ನ್ಯಾಯಾಧೀಶರ ಪೀಠ, ಪ್ರವೇಶ ತೆರಿಗೆಯ ಮೊಕದ್ದಮೆಯಲ್ಲಿ, ಏಳು–ಎರಡರ ಬಹುಮತದಿಂದ ಪರಿಹಾರಾತ್ಮಕ ತೆರಿಗೆಯ ವಾದವನ್ನೇ ಕೈಬಿಟ್ಟಿತು. ತೆರಿಗೆ ತಾನಾಗಿಯೇ ಅಡ್ಡಿಯಲ್ಲ. ಹೊರರಾಜ್ಯದ ಸರಕಿಗೊಂದು, ತನ್ನ ಸರಕಿಗೊಂದು ಎಂಬ ಭೇದ ಮಾತ್ರ ಕೂಡದು ಎಂದಿತು. 2017ರಲ್ಲಿ ಜಿಎಸ್‌ಟಿ ಬಂದು ಪ್ರವೇಶ ತೆರಿಗೆಯನ್ನು ನುಂಗಿಕೊಂಡಿತು. ವಾಹನ ತೆರಿಗೆ ಮಾತ್ರ ರಾಜ್ಯಗಳ ಕೈಯಲ್ಲೇ ಉಳಿದಿದೆ.

ಭೇದ ಬೇಡವೆಂಬುದು ಒಳ್ಳೆಯದೇ. ಆದರೆ ಎಲ್ಲರಿಂದಲೂ ಸಮನಾಗಿ ತೆಗೆದುಕೊಂಡು ಯಾರಿಗೂ ರಸ್ತೆ ಮಾಡಿಸದಿದ್ದರೆ? ಅದನ್ನೀಗ 301ನೇ ವಿಧಿಯ ಹೆಸರಿನಲ್ಲಿ ಕೋರ್ಟಿನಲ್ಲಿ ಕೇಳಲಾಗದು. ಓಟು ಕೇಳಲು ಬಾಗಿಲಿಗೆ ಬಂದವರನ್ನು ಕೇಳಬಹುದು. ಕೇಳುವವರಲ್ಲಿ ನಾವು ಹೆಂಗಸರು ಮೊದಲಿರೋಣ ಎಂದು ನನ್ನ ಆಸೆ. ಗುಂಡಿ ಬಿದ್ದ ದಾರಿಯಲ್ಲಿ ಬಸುರಿ ಮಗಳನ್ನು ಆಸ್ಪತ್ರೆಗೆ ಕರೆದೊಯ್ದವರಿಗೆ ಆ ತೆರಿಗೆಯ ಲೆಕ್ಕ ಕೇಳುವ ಹಕ್ಕು ಇದ್ದೇ ಇದೆ.