ಒಂದೇ ಬೆರಳು, ಎರಡು ಪಟ್ಟಿ: ಮೊಬೈಲ್ ಪರದೆಯ ಸ್ಪರ್ಶ ಯಾರ ಪಾಲಿಗೆ?

ಮೊಬೈಲ್‌ನಲ್ಲಿ ಸುದ್ದಿಯನ್ನು ಮೇಲಿನಿಂದ ಕೆಳಕ್ಕೆ ಓದುತ್ತಾ ಸಾಗುವಾಗ ನಡುವೆ ಅಡ್ಡಲಾಗಿ ಸರಿಯುವ ಚಿತ್ರಮಾಲೆಯೊಂದು ಎದುರಾಗುತ್ತದೆ. ಬೆರಳು ತುಸು ಓರೆಯಾದರೆ ಸಾಕು, ಪುಟ ಮುಂದೆ ಸಾಗುವ ಬದಲು ಚಿತ್ರ ಬದಲಾಗುತ್ತದೆ. ವಿಳಾಸ ತೋರಿಸುವ ನಕ್ಷೆಯ ಮೇಲೆ ಬೆರಳು ಬಿದ್ದರೆ ಪುಟ ಅಲ್ಲಿಯೇ ನಿಂತು ನಕ್ಷೆ ಮಾತ್ರ ಓಡತೊಡಗುತ್ತದೆ. ಬಳಕೆದಾರರು ಫೋನನ್ನೋ ತಮ್ಮ ಬೆರಳನ್ನೋ ದೂರುವುದು ವಾಡಿಕೆ. ದೋಷ ಬಹುಪಾಲು ಎರಡರದೂ ಅಲ್ಲ. ಒಂದರೊಳಗೊಂದು ಕುಳಿತ ಎರಡು ಸರಿಯುವ ಭಾಗಗಳ ನಡುವೆ ಬೆರಳಿನ ಚಲನೆಯನ್ನು ಹೇಗೆ ಹಂಚಬೇಕೆಂಬುದನ್ನು ಆ್ಯಪ್ ಬರೆದವರು ಸರಿಯಾಗಿ ತೀರ್ಮಾನಿಸದಿರುವುದೇ ಇದಕ್ಕೆ ಕಾರಣ.

ಮೇಜಿನ ಕಂಪ್ಯೂಟರಿನಲ್ಲಿ ಈ ತೊಡಕು ಇಷ್ಟು ತೀವ್ರವಾಗಿರಲಿಲ್ಲ. ಅಲ್ಲಿ ಮೌಸ್‌ನ ಗುಂಡಿ ಒತ್ತುವುದು ಬೇರೆ, ಚಕ್ರ ತಿರುಗಿಸುವುದು ಬೇರೆ. 2007ರಲ್ಲಿ ಐಫೋನ್, 2008ರಲ್ಲಿ ಆಂಡ್ರಾಯ್ಡ್ ಫೋನ್ ಮಾರುಕಟ್ಟೆಗೆ ಬಂದ ನಂತರ ಎಲ್ಲ ಕೆಲಸಕ್ಕೂ ಬೆರಳೊಂದೇ ಸಾಧನವಾಯಿತು. ಒತ್ತುವುದು, ಒತ್ತಿ ಹಿಡಿಯುವುದು, ಎಳೆಯುವುದು, ಬೀಸಿ ಬಿಡುವುದು ಇವೆಲ್ಲವೂ ಬೆರಳು ಗಾಜಿಗೆ ತಗಲುವ ಒಂದೇ ಕ್ಷಣದಿಂದ ಆರಂಭವಾಗುತ್ತವೆ. ಆ ಕ್ಷಣದಲ್ಲಿ ಬಳಕೆದಾರನ ಉದ್ದೇಶ ಯಾವುದೆಂದು ತಿಳಿಯುವ ಮಾರ್ಗ ತಂತ್ರಾಂಶಕ್ಕಿಲ್ಲ. ಅದು ಸ್ವಲ್ಪ ಕಾದು ನೋಡಲೇಬೇಕು.

ಎಷ್ಟು ಕಾಯಬೇಕು? ಆಂಡ್ರಾಯ್ಡ್‌ನಲ್ಲಿ ಇದನ್ನು ದೂರದ ಲೆಕ್ಕದಲ್ಲಿ ಅಳೆಯಲಾಗುತ್ತದೆ. ‘ಟಚ್ ಸ್ಲಾಪ್’ ಎಂದು ಕರೆಯಲಾಗುವ ಈ ಮಿತಿ ಸಾಮಾನ್ಯವಾಗಿ 8 ಡಿಪಿ. ಒಂದು ಅಂಗುಲಕ್ಕೆ 160 ಡಿಪಿ ಎಂಬ ಲೆಕ್ಕ ಹಿಡಿದರೆ ಇದು ಸುಮಾರು ಒಂದೂಕಾಲು ಮಿಲಿಮೀಟರ್. ಬೆರಳು ಅಷ್ಟು ದೂರ ಸರಿಯುವವರೆಗೆ ಅದು ಒತ್ತುವಿಕೆ. ಅದನ್ನು ಮೀರಿದರೆ ಎಳೆತ.

ಬೆರಳು ತಗಲಿದ ಸಂದೇಶ ಪರದೆಯ ಅತಿ ಹೊರಗಿನ ಚೌಕಟ್ಟಿನಿಂದ ಹೊರಟು ಒಳಗಿನ ಗುಂಡಿ ಅಥವಾ ಚಿತ್ರದವರೆಗೆ ಇಳಿಯುತ್ತದೆ. ದಾರಿಯಲ್ಲಿರುವ ಪ್ರತಿಯೊಂದು ಹೊರಪಟ್ಟಿಗೂ ‘ಇದನ್ನು ನೀನು ತಡೆದು ಇಟ್ಟುಕೊಳ್ಳುವೆಯಾ?’ ಎಂದು ಕೇಳಲಾಗುತ್ತದೆ. ಆಂಡ್ರಾಯ್ಡ್ ತಂತ್ರಜ್ಞರು ‘ಆನ್ ಇಂಟರ್‌ಸೆಪ್ಟ್ ಟಚ್ ಇವೆಂಟ್’ ಎನ್ನುವುದು ಈ ಪ್ರಶ್ನೆಯನ್ನೇ. ಮೊದಲ ಸ್ಪರ್ಶಕ್ಕೆ ಹೊರಪಟ್ಟಿ ಸಾಮಾನ್ಯವಾಗಿ ‘ಇಲ್ಲ’ ಎನ್ನುತ್ತದೆ, ಸ್ಪರ್ಶ ಒಳಗಿನ ಗುಂಡಿಗೆ ದಕ್ಕುತ್ತದೆ. ಆದರೆ ಬೆರಳು ಮಿತಿ ದಾಟಿ ಸರಿಯುತ್ತಿದ್ದಂತೆ ಹೊರಪಟ್ಟಿ ‘ಹೌದು’ ಎಂದರೆ ಆಟ ಬದಲಾಗುತ್ತದೆ. ಗುಂಡಿಗೆ ‘ಕ್ಯಾನ್ಸಲ್’ ಎಂಬ ಸಂದೇಶ ತಲುಪುತ್ತದೆ, ಮುಂದಿನ ಚಲನೆಯೆಲ್ಲ ಹೊರಪಟ್ಟಿಯ ಪಾಲಾಗುತ್ತದೆ. ಬೆರಳು ಮೇಲೇಳುವವರೆಗೆ ಆ ಸ್ಪರ್ಶ ಮತ್ತೆ ಒಳಗೆ ಮರಳುವುದಿಲ್ಲ.

ಈ ‘ಕ್ಯಾನ್ಸಲ್’ ಸಂದೇಶವನ್ನು ಲಕ್ಷಿಸದ ಆ್ಯಪ್‌ಗಳು ಕಡಿಮೆಯೇನಲ್ಲ. ಹಾಗಾದಾಗ ಪಟ್ಟಿ ಸರಿದು ಹೋದರೂ ಗುಂಡಿ ಒತ್ತಿದ ಬಣ್ಣದಲ್ಲಿಯೇ ಉಳಿಯುತ್ತದೆ. ಇದಾದರೂ ಕಣ್ಣಿಗೆ ಕಾಣುವ ದೋಷ. ರದ್ದಾದ ಸ್ಪರ್ಶವನ್ನು ಬೆರಳೆತ್ತಿದ್ದೆಂದು ತಿಳಿದು ಕೆಲಸ ನಡೆಸಿಬಿಡುವುದು ಇನ್ನೂ ಕೆಟ್ಟದ್ದು. ಪಟ್ಟಿ ಸರಿಸಲು ಹೋದವನಿಂದ ‘ಅಳಿಸು’ ಅಥವಾ ‘ಹಣ ಕಳುಹಿಸು’ ಗುಂಡಿ ಒತ್ತಿಸಿದಂತಾಗುತ್ತದೆ.

ಹೊರಪಟ್ಟಿಯ ಈ ಅಧಿಕಾರಕ್ಕೆ ಒಳಪಟ್ಟಿ ತಡೆ ಕೋರಬಹುದು. ಆ ಸೌಲಭ್ಯ ಆಂಡ್ರಾಯ್ಡ್‌ನ ಮೊದಲ ಆವೃತ್ತಿಯಿಂದಲೇ ಇದೆ. ಆದರೆ ಪ್ರತಿ ಹೊಸ ಸ್ಪರ್ಶದೊಂದಿಗೆ ಆ ತಡೆ ತಾನಾಗಿ ಅಳಿಸಿಹೋಗುತ್ತದೆ. ಪರದೆ ಸಿದ್ಧವಾಗುವಾಗ ಒಮ್ಮೆ ಹೇಳಿಟ್ಟು ಸುಮ್ಮನಿದ್ದರೆ ಪ್ರಯೋಜನವಿಲ್ಲ, ಬೆರಳು ತಗಲಿದ ಪ್ರತಿ ಸಲವೂ ಕೋರಬೇಕು. ಹೊಸಬರು ದಿನಗಟ್ಟಲೆ ತಲೆಕೆಡಿಸಿಕೊಳ್ಳುವ ಸ್ಥಳವಿದು.

ಹೊರಗಿನದು ಉದ್ದಕ್ಕೆ, ಒಳಗಿನದು ಅಡ್ಡಕ್ಕೆ ಸರಿಯುವಂತಿದ್ದರೆ ಇಷ್ಟು ಸಾಕು. ಬೆರಳಿನ ಚಲನೆಯಲ್ಲಿ ಉದ್ದದ ಪಾಲು ಹೆಚ್ಚೋ ಅಡ್ಡದ ಪಾಲು ಹೆಚ್ಚೋ ಎಂದು ನೋಡಿ ತೀರ್ಪು ನೀಡಬಹುದು. ಎರಡೂ ಒಂದೇ ದಿಕ್ಕಿಗೆ ಸರಿಯುವಾಗ ಈ ಉಪಾಯ ಕೈಕೊಡುತ್ತದೆ. ಒಳಪಟ್ಟಿ ತನ್ನ ಕೊನೆ ಮುಟ್ಟಿದ ಮೇಲೆ ಹೊರಪಟ್ಟಿ ಸರಿಯಬೇಕೆಂಬುದು ಓದುಗನ ನಿರೀಕ್ಷೆ. ಆದರೆ ಹಳೆಯ ನಿಯಮದಂತೆ ಸ್ಪರ್ಶ ಒಬ್ಬರಿಗೇ ಸೇರಿದ್ದು, ನಡುವೆ ಹಸ್ತಾಂತರವಿಲ್ಲ. ಬೆರಳೆತ್ತಿ ಮತ್ತೊಮ್ಮೆ ಎಳೆಯುವುದೇ ಗತಿ.

2014ರಲ್ಲಿ ಬಂದ ಆಂಡ್ರಾಯ್ಡ್ 5.0 ಈ ಜಗಳವನ್ನು ಬೇರೆ ಬಗೆಯಲ್ಲಿ ಬಿಡಿಸಿತು. ‘ನೆಸ್ಟೆಡ್ ಸ್ಕ್ರಾಲಿಂಗ್’ ಎಂಬ ಆ ಏರ್ಪಾಟಿನಲ್ಲಿ ಸ್ಪರ್ಶ ಕೊನೆಯವರೆಗೂ ಒಳಪಟ್ಟಿಯ ಬಳಿಯೇ ಇರುತ್ತದೆ. ಹಂಚಿಕೆಯಾಗುವುದು ಸ್ಪರ್ಶವಲ್ಲ, ದೂರ. ಬೆರಳು 30 ಪಿಕ್ಸೆಲ್ ಸರಿಯಿತೆಂದುಕೊಳ್ಳಿ. ಒಳಪಟ್ಟಿ ಮೊದಲು ಹೊರಪಟ್ಟಿಯನ್ನು ಕೇಳುತ್ತದೆ. ಹೊರಪಟ್ಟಿ ತನ್ನ ಶೀರ್ಷಿಕೆಯನ್ನು ಮಡಿಸಲು 10 ಬಳಸಿಕೊಂಡರೆ ಉಳಿದ 20ರಲ್ಲಿ ಒಳಪಟ್ಟಿ ಸರಿಯುತ್ತದೆ. 15ಕ್ಕೇ ಅದರ ಕೊನೆ ಬಂದರೆ ಮಿಕ್ಕ 5 ಮರಳಿ ಹೊರಪಟ್ಟಿಗೆ. ಲೇಖನ ಓದುತ್ತಾ ಹೋದಂತೆ ಮೇಲಿನ ದೊಡ್ಡ ಚಿತ್ರ ಮಡಿಸಿಕೊಂಡು ಸಣ್ಣ ಪಟ್ಟಿಯಾಗುವ ಇಂದಿನ ಆ್ಯಪ್‌ಗಳ ನೋಟ ಈ ಲೆಕ್ಕಾಚಾರದ ಫಲ.

ಈ ಲೆಕ್ಕದಲ್ಲೊಂದು ಸೂಕ್ಷ್ಮವಿದೆ. ಹೊರಪಟ್ಟಿ ಸರಿದಾಗ ಒಳಪಟ್ಟಿಯೂ ಅದರೊಂದಿಗೆ ಜಾಗ ಬದಲಿಸುತ್ತದೆ. ಬೆರಳಿನ ಸ್ಥಾನವನ್ನು ಒಳಪಟ್ಟಿಯ ಅಂಚಿನಿಂದ ಅಳೆಯುತ್ತಿದ್ದರೆ ಅಳತೆಗೋಲೇ ಜರುಗಿದಂತಾಯಿತು. ಆ ವ್ಯತ್ಯಾಸವನ್ನು ಪ್ರತಿ ಹೆಜ್ಜೆಗೂ ಸರಿದೂಗಿಸದಿದ್ದರೆ ಪಟ್ಟಿ ಬೆರಳಿನ ಕೆಳಗೆ ನಡುಗತೊಡಗುತ್ತದೆ. ಬೀಸಿ ಬಿಟ್ಟ ವೇಗದ ಹಂಚಿಕೆಯೂ ಆರಂಭದಲ್ಲಿ ಸರಿಯಿರಲಿಲ್ಲ. ಮೊದಲ ಆವೃತ್ತಿಯಲ್ಲಿ ವೇಗ ಇಡಿಯಾಗಿ ಒಬ್ಬರ ಪಾಲಾಗುತ್ತಿದ್ದುದರಿಂದ ಒಳಪಟ್ಟಿಯ ಓಟ ಕೊನೆ ಮುಟ್ಟಿದೊಡನೆ ಗೋಡೆಗೆ ಬಡಿದಂತೆ ನಿಲ್ಲುತ್ತಿತ್ತು. 2017ರ ಎರಡನೆಯ ಆವೃತ್ತಿ ಬೆರಳೆತ್ತಿದ ನಂತರದ ಓಟವನ್ನೂ ದೂರದಂತೆಯೇ ಹಂಚಲು ಅನುವು ಮಾಡಿಕೊಟ್ಟಿತು.

ಆ್ಯಪಲ್ ಸಂಸ್ಥೆಯ ಫೋನುಗಳಲ್ಲಿ ದೂರದ ಜೊತೆಗೆ ಕಾಲವೂ ಲೆಕ್ಕಕ್ಕೆ ಬರುತ್ತದೆ. ಸರಿಯುವ ಪುಟ ಸ್ಪರ್ಶವನ್ನು ಸುಮಾರು 150 ಮಿಲಿಸೆಕೆಂಡ್ ತಡೆಹಿಡಿದು, ಬೆರಳು ಅಲುಗದಿದ್ದರೆ ಮಾತ್ರ ಒಳಗಿನ ಗುಂಡಿಗೆ ಬಿಟ್ಟುಕೊಡುತ್ತದೆ. ಒಮ್ಮೆ ಗುಂಡಿಗೆ ದಕ್ಕಿದ ಸ್ಪರ್ಶವನ್ನು ಪುಟ ಸಾಮಾನ್ಯವಾಗಿ ಮರಳಿ ಕಸಿಯುವುದಿಲ್ಲ. ಗುಂಡಿಗಳಿಂದಲೇ ತುಂಬಿದ ಪುಟದಲ್ಲಿ ಬೆರಳಿಟ್ಟು ಕ್ಷಣ ತಡೆದು ಎಳೆದರೆ ಪುಟ ಕದಲದಿರುವುದು ಇದರಿಂದಲೇ.

ಅಂತರ್ಜಾಲ ತಾಣಗಳಲ್ಲಿ ತೊಂದರೆ ತಿರುಗುಮುರುಗು. ಅಲ್ಲಿ ಒಳಪಟ್ಟಿ ಮುಗಿದರೆ ಹೊರಪುಟ ಕೇಳದೆಯೇ ಸರಿಯುತ್ತದೆ. ಸಣ್ಣ ಸಂವಾದ ಕಿಟಕಿಯೊಳಗಿನ ಪಟ್ಟಿ ಕೊನೆಗೊಂಡಾಗ ಹಿಂದಿನ ಪುಟವೇ ಓಡಿ, ಓದುತ್ತಿದ್ದ ಜಾಗ ತಪ್ಪಿಹೋಗುತ್ತದೆ. ಇದನ್ನು ತಡೆಯುವ ‘ಓವರ್‌ಸ್ಕ್ರಾಲ್ ಬಿಹೇವಿಯರ್’ ಎಂಬ ಸೂಚನೆ ಕ್ರೋಮ್‌ಗೆ 2017ರಲ್ಲಿ ಬಂದರೆ ಸಫಾರಿಗೆ ಬರಲು 2022 ಆಯಿತು.

ಪಟ್ಟಿಯೊಳಗೆ ಪಟ್ಟಿ ಇಡುವುದಕ್ಕೆ ಸ್ಪರ್ಶದ ಹೊರತಾದ ಬೆಲೆಯೂ ಉಂಟು. ಆಂಡ್ರಾಯ್ಡ್‌ನ ‘ರಿಸೈಕ್ಲರ್ ವ್ಯೂ’ ಪರದೆಯಲ್ಲಿ ಕಾಣುವಷ್ಟು ಸಾಲುಗಳನ್ನು ಮಾತ್ರ ಕಟ್ಟಿ, ಸರಿದು ಹೋದವನ್ನು ಮರುಬಳಸುತ್ತದೆ. ಅದನ್ನು ಅದೇ ದಿಕ್ಕಿಗೆ ಸರಿಯುವ ಪುಟದೊಳಗೆ ಎತ್ತರದ ಮಿತಿಯಿಲ್ಲದೆ ಕೂರಿಸಿದರೆ ಸಾವಿರ ಸಾಲುಗಳನ್ನೂ ಒಮ್ಮೆಗೇ ಕಟ್ಟಿಬಿಡುತ್ತದೆ. ಅಗ್ಗದ ಫೋನುಗಳು ಇಲ್ಲಿಯೇ ತಡವರಿಸುವುದು. ಇಂಥ ಕಡೆ ಎರಡು ಪಟ್ಟಿಗಳ ಹಂಬಲ ಬಿಟ್ಟು, ಬಗೆಬಗೆಯ ಸಾಲುಗಳಿರುವ ಒಂದೇ ಪಟ್ಟಿ ಮಾಡುವುದು ಲೇಸು.

ಕೈ ನಡುಗುವ ಹಿರಿಯರಿಗೆ, ಪಾರ್ಕಿನ್ಸನ್ ಕಾಯಿಲೆಯಿರುವವರಿಗೆ ಒಂದೂಕಾಲು ಮಿಲಿಮೀಟರ್ ಎಂಬುದು ಏನೇನೂ ಸಾಲದು. ಅವರು ಗುಂಡಿ ಒತ್ತಲು ಹೋದರೆ ಪುಟ ಸರಿಯುತ್ತದೆ. 2023ರ ಅಕ್ಟೋಬರ್‌ನಲ್ಲಿ ಪ್ರಕಟವಾದ ಅಂತರ್ಜಾಲ ಸುಗಮ ಬಳಕೆಯ 2.2ನೇ ಮಾರ್ಗಸೂಚಿ, ಎಳೆದು ಮಾಡುವ ಕೆಲಸಗಳನ್ನು ಎಳೆಯದೆ ಒತ್ತಿಯೂ ಮಾಡುವಂತಿರಬೇಕೆಂದು ಹೇಳುತ್ತದೆ. ಚಿತ್ರಮಾಲೆಯ ಎರಡು ಬದಿಗೂ ಒಂದೊಂದು ಬಾಣದ ಗುರುತು ಇಡುವುದು ಆ್ಯಪ್‌ಗೆ ದೊಡ್ಡ ಖರ್ಚಿನ ಬಾಬತ್ತೇನಲ್ಲ.

ನಕ್ಷೆಯ ತೊಡಕಿಗೆ ಗೂಗಲ್ ಮ್ಯಾಪ್ಸ್ ಕಂಡುಕೊಂಡ ದಾರಿ ಸರಳವಾದುದು. ಅಂತರ್ಜಾಲ ಪುಟದ ನಡುವೆ ಕೂರಿಸಿದ ನಕ್ಷೆಯಲ್ಲಿ ಒಂದು ಬೆರಳು ಪುಟಕ್ಕೆ, ಎರಡು ಬೆರಳು ನಕ್ಷೆಗೆ ಎಂದು ನಿಗದಿಪಡಿಸಬಹುದು. ಒಂದೇ ಬೆರಳಿನಿಂದ ನಕ್ಷೆಯನ್ನು ಎಳೆಯಹೋದರೆ ಎರಡು ಬೆರಳು ಬಳಸಿ ಎಂಬ ಸೂಚನೆ ಅದರ ಮೇಲೆಯೇ ಮೂಡುತ್ತದೆ.